ಮೊದಲು ಜಾಗ ಹಿಡಿಯಿರಿ, ಗೂಡ್ಸ್ ರೈಲು ತಾನಾಗಿ ಬರುತ್ತದೆ

ಲಾಸ್ ಏಂಜಲಿಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್ ನೋಡಲು ಕಾರಿನಲ್ಲಿ ಹೊರಡುವ ನಮ್ಮವರು ಬಾರ್‌ಸ್ಟೋದಲ್ಲಿ ಪೆಟ್ರೋಲ್ ತುಂಬಿಸಿ ಐ-40 ಹೆದ್ದಾರಿ ಹಿಡಿದರೆ ಮುಗಿಯಿತು, ನೀಡಲ್ಸ್‌ವರೆಗೆ ಎಲ್ಲೂ ನಿಲ್ಲುವುದಿಲ್ಲ. ಬರೀ ಮರುಭೂಮಿ, ನೋಡೋಕೆ ಏನಿದೆ ಅಂತ ಮಕ್ಕಳು ಮೊಬೈಲ್ ತೆಗೆಯುತ್ತಾರೆ, ದೊಡ್ಡವರು ತೂಕಡಿಸುತ್ತಾರೆ. ಆದರೆ ಲಡ್ಲೋ ಹತ್ತಿರ ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿದರೆ ಹಳೆಯ ರೂಟ್ 66 ರಸ್ತೆ ಸಿಗುತ್ತದೆ. ಅದರ ಜೊತೆಜೊತೆಗೇ ಜೋಡಿ ಹಳಿ. ಹಳಿಯ ಮೇಲೆ ಬಿಎನ್‌ಎಸ್‌ಎಫ್ ಎಂಬ ರೈಲು ಕಂಪನಿಯ ಕಿತ್ತಳೆ ಬಣ್ಣದ ಎಂಜಿನ್‌ಗಳು ಹಗಲೂ ರಾತ್ರಿ ಕಂಟೇನರ್ ಎಳೆಯುತ್ತಿರುತ್ತವೆ. ರಸ್ತೆ ಬದಿಯಲ್ಲಿ ಬಾಗಿಲು ಮುಚ್ಚಿದ ಮೋಟೆಲ್, ಪಾಳುಬಿದ್ದ ಕೆಫೆ, ಮಕ್ಕಳಿಲ್ಲದ ಶಾಲೆ. ಕ್ಯಾಮೆರಾ ಇರುವವರಿಗೆ ಗ್ರ್ಯಾಂಡ್ ಕ್ಯಾನಿಯನ್‌ಗಿಂತ ಈ ದಾರಿಯಲ್ಲೇ ಕೆಲಸ ಜಾಸ್ತಿ.

ಈ ಊರುಗಳನ್ನು ಹುಟ್ಟಿಸಿದ್ದು ರೈಲು. 1883ರ ಸುಮಾರಿಗೆ ಮೊಹಾವಿ ಮರುಭೂಮಿಯಲ್ಲಿ ಹಳಿ ಹಾಕಿದವರು ನಿಲ್ದಾಣಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ ಹೆಸರಿಡುತ್ತಾ ಹೋದರು. ಆಂಬಾಯ್, ಕೇಡಿಜ್, ಡ್ಯಾನ್ಬಿ, ಎಸೆಕ್ಸ್, ಫೆನ್ನರ್, ಗಾಫ್ಸ್, ಹೀಗೆ. ಉಗಿ ಎಂಜಿನ್‌ಗೆ ದಾರಿಯುದ್ದಕ್ಕೂ ನೀರು ಬೇಕಿತ್ತು, ಅದಕ್ಕೇ ಜನವಿಲ್ಲದ ಕಡೆಯೂ ಇಷ್ಟೊಂದು ನಿಲ್ದಾಣ. 1926ರಲ್ಲಿ ರೂಟ್ 66 ಬಂದ ಮೇಲೆ ಪೆಟ್ರೋಲ್ ಬಂಕು, ಕೆಫೆಗಳು ಎದ್ದವು. ಆಮೇಲೆ ಡೀಸೆಲ್ ಎಂಜಿನ್ ಬಂತು, ರೈಲಿಗೆ ನಿಲ್ಲುವ ಅಗತ್ಯ ಹೋಯಿತು. 1973ರಲ್ಲಿ ಐ-40 ತೆರೆದಾಗ ಕಾರುಗಳೂ ಹೋದವು. ಈಗ ಊರು ಖಾಲಿ, ರೈಲು ಮಾತ್ರ ಹಿಂದಿನದಕ್ಕಿಂತ ಉದ್ದ.

ಆದ್ದರಿಂದ ರೈಲಿನ ಫೋಟೊ ಬೇರೆ, ಪಾಳುಕಟ್ಟಡದ ಫೋಟೊ ಬೇರೆ ಅಂತ ತೆಗೆದರೆ ಅರ್ಧ ಕತೆಯಷ್ಟೇ ಸಿಗುತ್ತದೆ. ಎರಡೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಅದಕ್ಕೆ ರೈಲಿನ ಹಿಂದೆ ಕಾರು ಓಡಿಸುವುದನ್ನು ಬಿಟ್ಟು, ಜಾಗ ಗೊತ್ತುಮಾಡಿಕೊಂಡು ಕಾಯಬೇಕು.

1. ಮನೆಯಲ್ಲೇ ನಕ್ಷೆ ನೋಡಿ

ಗೂಗಲ್ ಮ್ಯಾಪ್ಸ್‌ನ ಉಪಗ್ರಹ ನೋಟ ತೆರೆದು ಹಳಿಯ ಗುಂಟ ಬೆರಳಾಡಿಸಿ. ಹುಡುಕಬೇಕಾದ್ದು ಮೂರು: ರಸ್ತೆ ಹಳಿಯನ್ನು ದಾಟುವ ಲೆವೆಲ್ ಕ್ರಾಸಿಂಗ್, ಹಳಿ ಬಳುಕುವ ತಿರುವು, ಹಳಿಯಿಂದ ನೂರಿನ್ನೂರು ಮೀಟರ್ ಒಳಗೆ ಇರುವ ಹಳೆಯ ಕಟ್ಟಡ. ಮೂರರಲ್ಲಿ ಎರಡು ಸಿಕ್ಕರೂ ಸಾಕು.

ಏರು ಇರುವ ಕಡೆ ಇನ್ನೂ ಒಳ್ಳೆಯದು. ನೀಡಲ್ಸ್ ಕೊಲರಾಡೊ ನದಿಯ ದಡದಲ್ಲಿ, ತಗ್ಗಿನಲ್ಲಿದೆ. ಗಾಫ್ಸ್ ಅಲ್ಲಿಂದ ಸುಮಾರು ಎರಡು ಸಾವಿರ ಅಡಿ ಮೇಲೆ. ಪಶ್ಚಿಮಕ್ಕೆ ಹೋಗುವ ಭಾರದ ರೈಲು ಈ ಏರಿನಲ್ಲಿ ಏದುಸಿರು ಬಿಡುತ್ತಾ ನಿಧಾನಕ್ಕೆ ಬರುತ್ತದೆ. ಸದ್ದು ತುಂಬಾ ಮೊದಲೇ ಕೇಳಿಸುತ್ತದೆ, ನಿಮಗೆ ಯೋಚಿಸಲು ಸಮಯ ಸಿಗುತ್ತದೆ. ಗಾಫ್ಸ್‌ನಲ್ಲಿ 1914ರ ಶಾಲೆಯ ಕಟ್ಟಡವನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ, ಅದನ್ನೂ ನೋಡಬಹುದು.

ಹೊರಡುವ ಮೊದಲು ರಸ್ತೆ ತೆರೆದಿದೆಯಾ ಅಂತ ಸ್ಯಾನ್ ಬರ್ನಾಡಿನೊ ಕೌಂಟಿಯ (ಅಲ್ಲಿನ ಜಿಲ್ಲಾಡಳಿತದ) ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಇಲ್ಲಿನ ಹಳೆಯ ಮರದ ಸೇತುವೆಗಳು ದಿಢೀರ್ ಮಳೆಗೆ ಕೆಟ್ಟು, ರೂಟ್ 66ರ ಕೆಲವು ಭಾಗಗಳು ಆಗಾಗ ಮುಚ್ಚಿರುತ್ತವೆ. ಅಂಥ ಹೊತ್ತಿನಲ್ಲಿ ಐ-40ಯಿಂದ ಕೆಲ್‌ಬೇಕರ್ ರಸ್ತೆ ಹಿಡಿದು ಇಳಿಯಬಹುದು. ಬೇಸಿಗೆ ಬೇಡವೇ ಬೇಡ, ಅಲ್ಲಿ 45 ಡಿಗ್ರಿ ದಾಟುತ್ತದೆ. ಅಕ್ಟೋಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಟ್ಯಾಂಕ್ ತುಂಬಿರಲಿ, ಬೇಕಾದ್ದಕ್ಕಿಂತ ದುಪ್ಪಟ್ಟು ನೀರಿರಲಿ, ನಕ್ಷೆ ಮೊದಲೇ ಮೊಬೈಲ್‌ಗೆ ಇಳಿದಿರಲಿ. ಹಲವೆಡೆ ಸಿಗ್ನಲ್ ಸಿಗುವುದಿಲ್ಲ.

2. ನಿಲ್ಲುವ ಜಾಗ

ಇದೊಂದು ವಿಷಯದಲ್ಲಿ ಹಟ ಹಿಡಿದು ಹೇಳುತ್ತೇನೆ. ನಮ್ಮೂರಲ್ಲಿ ಹಳಿಯ ಮೇಲೆ ನಡೆದುಕೊಂಡು ಹೋಗುವುದು ಯಾರಿಗೂ ದೊಡ್ಡ ವಿಷಯವಲ್ಲ. ಅಮೆರಿಕದಲ್ಲಿ ಹಳಿ, ಅದರ ಜಲ್ಲಿ, ಅಕ್ಕಪಕ್ಕದ ಮಣ್ಣಿನ ದಾರಿ ಎಲ್ಲವೂ ಸಾಮಾನ್ಯವಾಗಿ ರೈಲು ಕಂಪನಿಯ ಖಾಸಗಿ ಆಸ್ತಿ. ಬೇಲಿ ಇಲ್ಲದಿದ್ದರೂ ಒಳಗೆ ಕಾಲಿಟ್ಟರೆ ಅತಿಕ್ರಮಣ. ಕಂಪನಿಗಳಿಗೆ ತಮ್ಮದೇ ಪೊಲೀಸರಿದ್ದಾರೆ, ದಂಡ ಹಾಕುತ್ತಾರೆ. ವೀಸಾದ ಮೇಲೆ ಇರುವವರಿಗೆ ಇಂಥ ಕೇಸು ಯಾಕೆ ಬೇಕು?

ಕಾನೂನು ಬಿಡಿ, ಅಪಾಯವೂ ಸಣ್ಣದಲ್ಲ. ಗಂಟೆಗೆ 90 ಕಿ.ಮೀ. ವೇಗದಲ್ಲಿರುವ ಗೂಡ್ಸ್ ರೈಲು ಬ್ರೇಕ್ ಹಾಕಿದ ಮೇಲೆ ನಿಲ್ಲಲು ಒಂದೂವರೆ ಕಿ.ಮೀ.ಗಿಂತ ಹೆಚ್ಚು ಬೇಕು. ಡಬ್ಬಿಗಳು ಹಳಿಯಿಂದ ಎರಡೂ ಬದಿಗೆ ಮೂರು ಅಡಿ ಚಾಚಿರುತ್ತವೆ. ಜೋಡಿ ಹಳಿಯಲ್ಲಿ ಒಂದು ರೈಲಿನ ಮರೆಯಲ್ಲಿ ಇನ್ನೊಂದು ಬರುತ್ತದೆ, ಮೊದಲನೆಯದರ ಗದ್ದಲದಲ್ಲಿ ಎರಡನೆಯದು ಕೇಳಿಸುವುದೇ ಇಲ್ಲ.

ಸಾರ್ವಜನಿಕ ರಸ್ತೆಯ ಬದಿ ನಿಮ್ಮದು. ಕ್ರಾಸಿಂಗ್‌ನಲ್ಲಿ ಗೇಟಿನಿಂದ ಸಾಕಷ್ಟು ಹಿಂದೆ ನಿಲ್ಲಿ. ಅಲ್ಲೊಂದು ಸಣ್ಣ ನೀಲಿ ಫಲಕ ಇರುತ್ತದೆ, ಅದರಲ್ಲಿ ತುರ್ತು ಫೋನ್ ನಂಬರು ಮತ್ತು ಆ ಕ್ರಾಸಿಂಗ್‌ನ ಗುರುತಿನ ಸಂಖ್ಯೆ. ಬಂದ ಕೂಡಲೇ ಅದರದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಳಿಯ ಮೇಲೆ ಕಾರು ಸಿಕ್ಕಿಕೊಂಡಿದ್ದು ಕಂಡರೆ ಯಾರಿಗೆ ಹೇಳಬೇಕು ಅನ್ನುವುದು ಕೈಯಲ್ಲೇ ಇರುತ್ತದೆ. ಆಮೇಲೆ ಮನೆಯಲ್ಲಿ ಫೋಟೊ ಎಲ್ಲಿಯದು ಅಂತ ಹುಡುಕುವಾಗಲೂ ಆ ಸಂಖ್ಯೆ ಉಪಯೋಗಕ್ಕೆ ಬರುತ್ತದೆ.

3. ಬಿಸಿಲಿನ ಲೆಕ್ಕ

ಇಲ್ಲಿ ಹಳಿ ಹೆಚ್ಚುಕಡಿಮೆ ಪೂರ್ವ ಪಶ್ಚಿಮ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುವುದರಿಂದ ಹಳಿಯ ದಕ್ಷಿಣ ಬದಿಯಲ್ಲಿ ನಿಂತವರಿಗೆ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ. ಪೂರ್ವಕ್ಕೆ ಹೋಗುವ ರೈಲಿನ ಮುಖಕ್ಕೆ ಬೆಳಗಿನ ಬಿಸಿಲು, ಪಶ್ಚಿಮಕ್ಕೆ ಹೋಗುವುದಕ್ಕೆ ಸಂಜೆಯದು. ಇಷ್ಟು ನೆನಪಿಟ್ಟರೆ ಸಾಕು. ಮಧ್ಯಾಹ್ನ ಕ್ಯಾಮೆರಾ ಒಳಗಿಟ್ಟು ಊಟ ಮಾಡಿ.

4. ರೈಲು ಬರುವ ಸುಳಿವು

ಗೂಡ್ಸ್‌ಗೆ ನೀವು ನೋಡಬಹುದಾದ ವೇಳಾಪಟ್ಟಿ ಇಲ್ಲ. ಆದರೆ ಸುಳಿವುಗಳಿವೆ. ಕೆಲವು ಕಡೆ ಸಿಗ್ನಲ್ ದೀಪ ಸದಾ ಆರಿಯೇ ಇರುತ್ತದೆ, ರೈಲು ಹತ್ತಿರವಾದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ದೂರದ ಕ್ರಾಸಿಂಗ್‌ನಲ್ಲಿ ಹಾರ್ನ್ ಕೇಳಿಸುತ್ತದೆ: ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಇದು ದೇಶಕ್ಕೆಲ್ಲ ಒಂದೇ ಪದ್ಧತಿ. ಕೆಲವು ಊರುಗಳು ಮಾತ್ರ ಹಾರ್ನ್ ಬೇಡ ಅಂತ ಅನುಮತಿ ಪಡೆದಿವೆ. ಅರಿಜೋನಾದ ಫ್ಲಾಗ್‌ಸ್ಟಾಫ್ ಅಂಥದ್ದೊಂದು, ಅಲ್ಲಿ ಕಿವಿಯನ್ನು ನಂಬಿಕೊಂಡು ಕೂರಬೇಡಿ.

ಇನ್ನೂ ಆಸಕ್ತಿ ಇದ್ದರೆ ಬೇರೆಯವರ ರೇಡಿಯೊ ಮಾತುಕತೆ ಕೇಳಿಸುವ ಸ್ಕ್ಯಾನರ್ ರೇಡಿಯೊ ಒಂದನ್ನು ಕೊಳ್ಳಿ. ರೈಲ್ವೆಯ ಮಾತುಕತೆ 160ರಿಂದ 161 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ನಡೆಯುತ್ತದೆ. ಹಳಿಯ ಪಕ್ಕದಲ್ಲಿ ಚಕ್ರದ ಬಿಸಿ ಅಳೆಯುವ ಯಂತ್ರಗಳಿರುತ್ತವೆ. ರೈಲು ದಾಟಿದ ಕೂಡಲೇ ಯಂತ್ರವೇ ರೇಡಿಯೊದಲ್ಲಿ ಮಾತಾಡುತ್ತದೆ: ಇಂಥ ಮೈಲಿಗಲ್ಲು, ದೋಷ ಇಲ್ಲ, ಇಷ್ಟು ಆಕ್ಸಲ್. ಮೈಲಿಗಲ್ಲಿನ ಸಂಖ್ಯೆ ಗೊತ್ತಾದರೆ ರೈಲು ನಿಮ್ಮಿಂದ ಎಷ್ಟು ದೂರ ಅನ್ನುವುದು ಸುಲಭದ ಕಳೆಯುವ ಲೆಕ್ಕ. ಕಾರಿನಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವುದಕ್ಕೆ ಕೆಲವು ರಾಜ್ಯಗಳಲ್ಲಿ ನಿರ್ಬಂಧ ಇದೆ, ಗಡಿ ದಾಟುವ ಮುನ್ನ ತಿಳಿದುಕೊಳ್ಳಿ.

5. ಕ್ಯಾಮೆರಾ ಕೆಲಸ

ಒಂದು ಅನುಕೂಲ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಗೂಡ್ಸ್ ರೈಲುಗಳೆಲ್ಲ ಡೀಸೆಲ್, ತಲೆಯ ಮೇಲೆ ವಿದ್ಯುತ್ ತಂತಿ ಇಲ್ಲ. ಭಾರತದಲ್ಲಿ ಚೌಕಟ್ಟನ್ನು ಅಡ್ಡಡ್ಡ ಸೀಳುವ ಆ ತಂತಿ, ಕಂಬಗಳ ಕಾಟ ಇಲ್ಲ. ಆಕಾಶ ಪೂರ್ತಿ ನಿಮ್ಮದು.

ಎದುರಿನಿಂದ ಓರೆಯಾಗಿ ಬರುವ ಎಂಜಿನ್‌ಗೆ ಶಟರ್ ವೇಗ 1/1000 ಸೆಕೆಂಡ್, ಅಪರ್ಚರ್ ಎಫ್/8 ಸಾಕು. ಗಂಟೆಗೆ 110 ಕಿ.ಮೀ. ಓಡುವ ಕಂಟೇನರ್ ರೈಲು ಅಷ್ಟು ಹೊತ್ತಿನಲ್ಲಿ ಮೂರು ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಫೋಕಸ್ ಅನ್ನು ರೈಲಿಗೆ ಬಿಡಬೇಡಿ. ರೈಲು ಬರುವ ಮೊದಲೇ ನಿಮ್ಮ ಕಟ್ಟಡದ ಮೇಲೆ ಫೋಕಸ್ ಹಿಡಿದು, ಅಲ್ಲೇ ಕಟ್ಟಿಹಾಕಿ. ಎಂಜಿನ್‌ನ ಹೆಡ್‌ಲೈಟ್ ಕ್ಯಾಮೆರಾದ ಬೆಳಕಿನ ಲೆಕ್ಕ ಕೆಡಿಸುತ್ತದೆ, ಹಾಗಾಗಿ ಎಕ್ಸ್‌ಪೋಷರ್ ಕೂಡ ಕೈಯಲ್ಲೇ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಾದರೆ ಪರದೆಯನ್ನು ಒತ್ತಿ ಹಿಡಿದು ಎರಡನ್ನೂ ಲಾಕ್ ಮಾಡಬಹುದು.

ಹೊಸಬರು ಎಂಜಿನ್ ದಾಟಿದ ಕೂಡಲೇ ಕ್ಯಾಮೆರಾ ಇಳಿಸುತ್ತಾರೆ. ಅಲ್ಲೇ ನಷ್ಟ. ಮೂರು ಕಿ.ಮೀ. ಉದ್ದದ ರೈಲು ಗಂಟೆಗೆ 80 ಕಿ.ಮೀ. ವೇಗದಲ್ಲಿ ನಿಮ್ಮ ಮುಂದೆ ಹಾದುಹೋಗಲು ಎರಡು ನಿಮಿಷಕ್ಕೂ ಜಾಸ್ತಿ ಬೇಕು. ಒಂದರ ಮೇಲೊಂದು ಪೇರಿಸಿದ ಕಂಟೇನರ್‌ಗಳು ಇಪ್ಪತ್ತು ಅಡಿ ಎತ್ತರದ ಬಣ್ಣದ ಗೋಡೆಯಂತೆ ಕಟ್ಟಡದ ಹಿಂದೆ ಸರಿಯುತ್ತಿರುತ್ತವೆ. ಈಗ ಟ್ರೈಪಾಡ್ ಮೇಲೆ 1/8 ಸೆಕೆಂಡ್ ಇಡಿ. ರೈಲು ಆ ಹೊತ್ತಿಗೆ ಸುಮಾರು ಎರಡೂಮುಕ್ಕಾಲು ಮೀಟರ್ ಹೋಗಿರುತ್ತದೆ. ಗೋಡೆಯ ಬಿರುಕು, ಮುರಿದ ಕಿಟಕಿಯ ಚೌಕಟ್ಟು ಗೆರೆ ಕೊರೆದಂತೆ ಸ್ಪಷ್ಟವಾಗಿ ಬರುತ್ತದೆ, ಹಿಂದೆ ಕೆಂಪು, ನೀಲಿ, ಹಸಿರು ಪಟ್ಟಿಗಳು ಕಲಸಿಕೊಂಡು ಓಡುತ್ತವೆ. ಬಿಸಿಲಿನಲ್ಲಿ ಇದಕ್ಕೆ ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಹಾಕುವ, ಬೆಳಕು ತಗ್ಗಿಸುವ ಕಪ್ಪು ಗಾಜು) ಬೇಕೇ ಬೇಕು, ಮುಸ್ಸಂಜೆಯಲ್ಲಿ ಬೇಡ. ಇಡೀ ದಿನದಲ್ಲಿ ಒಂದೇ ಫೋಟೊ ತೆಗೆಯುವುದಾದರೆ ನಾನು ಇದನ್ನೇ ತೆಗೆಯುತ್ತೇನೆ.

ಚಾಲಕರ ಕಡೆಗೆ ಫ್ಲ್ಯಾಶ್ ಹೊಡೆಯಬೇಡಿ. ಕೈ ಬೀಸಿ, ಎಷ್ಟೋ ಸಲ ಅವರೂ ಬೀಸುತ್ತಾರೆ.

6. ಪಾಳುಬಿದ್ದ ಜಾಗ

ಪಾಳುಬಿದ್ದಿದೆ ಅಂದರೆ ವಾರಸುದಾರರಿಲ್ಲ ಅಂತ ಅಲ್ಲ. ಆಂಬಾಯ್ ಊರಿಗೆ ಊರೇ ಖಾಸಗಿ ಆಸ್ತಿ. ಆಲ್ಬರ್ಟ್ ಒಕುರಾ ಎಂಬ ಹೋಟೆಲ್ ಉದ್ಯಮಿ 2005ರಲ್ಲಿ 4.25 ಲಕ್ಷ ಡಾಲರ್‌ಗೆ ಅದನ್ನು ಕೊಂಡಿದ್ದರು. 1959ರಲ್ಲಿ ನಿಲ್ಲಿಸಿದ ರಾಯ್ಸ್ ಮೋಟೆಲ್‌ನ 50 ಅಡಿ ಎತ್ತರದ ಫಲಕ ವರ್ಷಗಟ್ಟಲೆ ಕತ್ತಲಲ್ಲಿದ್ದು, 2019ರಲ್ಲಿ ಮತ್ತೆ ಹೊತ್ತಿಕೊಂಡಿತು. ಅಂಗಡಿಯಲ್ಲಿ ಒಂದು ಸೋಡಾ ಕೊಂಡು, ಎಲ್ಲಿ ತೆಗೆಯಬಹುದು ಅಂತ ಕೇಳಿ. ರಸ್ತೆಯಿಂದ ಕಾಣುವುದನ್ನು ರಸ್ತೆಯಲ್ಲಿ ನಿಂತು ತೆಗೆಯಲು ಅಡ್ಡಿ ಇಲ್ಲ. ಬೇಲಿ ದಾಟಬೇಡಿ. ಟೆಕ್ಸಸ್, ಮಿಸೌರಿ, ಇಲಿನಾಯ್ಸ್ ಮುಂತಾದ ರಾಜ್ಯಗಳಲ್ಲಿ ಮರಕ್ಕೋ ಕಂಬಕ್ಕೋ ಬಳಿದ ನೇರಳೆ ಬಣ್ಣದ ಪಟ್ಟಿಯೇ ‘ಪ್ರವೇಶವಿಲ್ಲ’ ಬೋರ್ಡಿಗೆ ಸಮ. ಗೊತ್ತಿಲ್ಲದವರು ಅದನ್ನೇ ಚೆಂದದ ಬಣ್ಣ ಅಂತ ಫೋಟೊ ತೆಗೆಯುತ್ತಾರೆ!

ಅನುಮತಿ ಇದ್ದರೂ ಒಳಗೆ ಹೋಗುವಾಗ ಹುಷಾರು. ಮರದ ನೆಲ ಕುಸಿಯಬಹುದು, ತಗಡಿನ ಕೆಳಗೆ ಬುಡುಬುಡಿಕೆ ಹಾವು ಇರಬಹುದು. ಇಲಿ ಹಿಕ್ಕೆ ಬಿದ್ದ ಮುಚ್ಚಿದ ಕೋಣೆಯಲ್ಲಿ ಧೂಳೆಬ್ಬಿಸಿದರೆ ಹಂಟಾ ವೈರಸ್ ತಗಲುವ ಅಪಾಯ ಈ ಪ್ರದೇಶದಲ್ಲಿ ನಿಜಕ್ಕೂ ಇದೆ.

ಬಾಗಿಲಲ್ಲೇ ನಿಂತು ಹತ್ತಿರದ ವಸ್ತು ನೋಡಿ. ಹಳೇ ಪೆಟ್ರೋಲ್ ಪಂಪ್ ಇದ್ದರೆ ಅದರ ದರದ ಚಕ್ರಕ್ಕೆ ಕ್ಯಾಮೆರಾ ಹಿಡಿಯಿರಿ. ಆ ಕಾಲದ ಯಂತ್ರಗಳಲ್ಲಿ ಗ್ಯಾಲನ್ ದರ ಒಂದು ಡಾಲರ್ ದಾಟಿ ತೋರಿಸಲು ಅಂಕಿಯ ಜಾಗವೇ ಇರಲಿಲ್ಲ. 1979ರ ಸುಮಾರಿಗೆ ದರ ಡಾಲರ್ ಮುಟ್ಟಿದಾಗ ಎಷ್ಟೋ ಬಂಕಿನವರು ಅರ್ಧ ದರ ಹಾಕಿ ಆಮೇಲೆ ದುಪ್ಪಟ್ಟು ಮಾಡಿ ದುಡ್ಡು ತೆಗೆದುಕೊಳ್ಳಬೇಕಾಯಿತು. ಚಕ್ರ ಮೂವತ್ತೋ ನಲವತ್ತೋ ಸೆಂಟಿಗೆ ನಿಂತಿದ್ದರೆ ಬಂಕು ಸುಮಾರು ಯಾವಾಗ ಬಾಗಿಲು ಹಾಕಿತು ಅಂತ ನೀವೇ ಊಹಿಸಬಹುದು. ಯಾವುದನ್ನೂ ಸರಿಸಬೇಡಿ, ಜೋಡಿಸಬೇಡಿ, ಜೇಬಿಗೆ ಹಾಕಿಕೊಳ್ಳಬೇಡಿ. ಮುರುಕು ಕುರ್ಚಿಯನ್ನು ಕಿಟಕಿ ಬೆಳಕಿಗೆ ಎಳೆದು ತೆಗೆದ ಫೋಟೊ ನೋಡಿದ ಕೂಡಲೇ ಗೊತ್ತಾಗುತ್ತದೆ.

ಮರುಭೂಮಿ ದೂರ ಆಯಿತು ಅನ್ನುವವರಿಗೆ ಬೇರೆ ಊರುಗಳೂ ಇವೆ. ಶಿಕಾಗೊ ಕಡೆಯವರು ಇಲಿನಾಯ್ಸ್‌ನ ರೋಶೆಲ್‌ಗೆ ಹೋಗಬಹುದು. ಅಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ಬಿಎನ್‌ಎಸ್‌ಎಫ್ ಕಂಪನಿಗಳ ಹಳಿಗಳು ಒಂದನ್ನೊಂದು ಅಡ್ಡ ದಾಟುವ ಕಡೆ ರೈಲು ನೋಡಲೆಂದೇ ಪಾರ್ಕ್ ಮಾಡಿದ್ದಾರೆ. ಒಹಾಯೊದ ಫೋಸ್ಟೋರಿಯಾ, ಜಾರ್ಜಿಯಾದ ಫೋಕ್‌ಸ್ಟನ್‌ನಲ್ಲೂ ರೈಲು ನೋಡುವ ಅಟ್ಟಣಿಗೆಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಲು ಇವೇ ಒಳ್ಳೆಯದು.

7. ನೋಡಿ ಕಲಿಯಲು

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟಿನಲ್ಲಿ ಎರಡು ಹೆಸರು ಹುಡುಕಿ. ಜ್ಯಾಕ್ ಡೆಲಾನೊ 1943ರ ಮಾರ್ಚ್‌ನಲ್ಲಿ, ಯುದ್ಧದ ನಡುವೆ, ಶಿಕಾಗೊದಿಂದ ಕ್ಯಾಲಿಫೋರ್ನಿಯಾಗೆ ಸ್ಯಾಂಟಾ ಫೆ ಕಂಪನಿಯ (ಈಗಿನ ಬಿಎನ್‌ಎಸ್‌ಎಫ್‌ನ ಪೂರ್ವಜ) ಗೂಡ್ಸ್ ರೈಲುಗಳ ಜೊತೆ ಪ್ರಯಾಣ ಮಾಡಿ ಸರ್ಕಾರಕ್ಕಾಗಿ ಫೋಟೊ ತೆಗೆದರು. ಇದೇ ಹಳಿ, ಇದೇ ಬಾರ್‌ಸ್ಟೋ. ಅವರ ಚಿತ್ರಗಳಲ್ಲಿ ಎಂಜಿನ್‌ನಷ್ಟೇ ಕೆಲಸಗಾರರೂ ಇದ್ದಾರೆ, ಅದನ್ನು ಗಮನಿಸಿ. ಜಾನ್ ಮಾರ್ಗೊಲೀಸ್ ದಶಕಗಳ ಕಾಲ ರಸ್ತೆ ಬದಿಯ ಮೋಟೆಲ್, ಬಂಕು, ಬೋರ್ಡುಗಳನ್ನು ಬಣ್ಣದಲ್ಲಿ ಹಿಡಿದರು. ಹೆಚ್ಚಾಗಿ ಬೆಳಗಿನ ಎಳೆ ಬಿಸಿಲು, ನೇರ ನೋಟ, ಗಿಮಿಕ್ ಇಲ್ಲ. ಎರಡೂ ಸಂಗ್ರಹ ನೋಡಲು ದುಡ್ಡು ಕೊಡಬೇಕಿಲ್ಲ.

8. ಮನೆಗೆ ಬಂದ ಮೇಲೆ

ಆ ದಿನ ರಾತ್ರಿಯೇ ಅಡಿಬರಹ ಬರೆದುಬಿಡಿ. ಊರು, ತಾರೀಕು, ಕ್ರಾಸಿಂಗ್ ಸಂಖ್ಯೆ, ರೈಲು ಯಾವ ದಿಕ್ಕಿಗೆ. ವ್ಯಾಗನ್ ಬದಿಯ ಅಕ್ಷರಗಳು ಸ್ಪಷ್ಟವಾಗಿ ಬಿದ್ದಿದ್ದರೆ ಅವನ್ನೂ ಸೇರಿಸಿ, ಮಾಲೀಕರು ಯಾರು ಅನ್ನುವುದು ಅದರಲ್ಲೇ ಇರುತ್ತದೆ. ಕೊನೆಯ ಅಕ್ಷರ ಎಕ್ಸ್ ಆಗಿದ್ದರೆ ವ್ಯಾಗನ್ ರೈಲು ಕಂಪನಿಯದಲ್ಲ, ಬೇರೆ ಯಾರದೋ ಖಾಸಗಿ. ಎಣ್ಣೆ ಟ್ಯಾಂಕರ್‌ಗಳ ಮೇಲೆ ಇದು ಸಾಮಾನ್ಯ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಹಾಕುವಾಗ ಒಂದನ್ನು ಬಿಟ್ಟುಬಿಡಿ: ಬೀಗವಿಲ್ಲದ ಖಾಲಿ ಮನೆಯ ನಿಖರ ವಿಳಾಸ. ಜಿಪಿಎಸ್ ಗುರುತು ಫೋಟೊದ ಫೈಲಿನಲ್ಲೇ ಅಡಗಿರುತ್ತದೆ, ಅಪ್‌ಲೋಡ್ ಮಾಡುವ ಮುನ್ನ ಅದನ್ನೂ ತೆಗೆದುಹಾಕಿ.