8 ಸಲ ಸಾಕು, ಆದರೆ ನಿಧಾನವಾಗಿ

ಮೊದಲು ನಾನು ದಿನಾ 50 ಕ್ರಂಚ್ (ಅಂಗಾತ ಮಲಗಿ ತಲೆ, ಭುಜ ಎತ್ತುವ ಹೊಟ್ಟೆಯ ವ್ಯಾಯಾಮ) ಸರಸರ ಮುಗಿಸುತ್ತಿದ್ದೆ. ಕುತ್ತಿಗೆ ನೋಯುತ್ತಿತ್ತು, ಹೊಟ್ಟೆಗೆ ಏನೂ ತಾಗುತ್ತಿರಲಿಲ್ಲ. ಬೀಸುವ ವೇಗವೇ ಅರ್ಧ ಕೆಲಸ ಮಾಡಿಬಿಡುತ್ತದೆ, ಅಲ್ವಾ? ಈಗ ಅದರ ಬದಲು ಹೊಟ್ಟೆಗೆ ‘ಡೆಡ್ ಬಗ್’ ಎಂಬ ವ್ಯಾಯಾಮ, ಒಂದೊಂದು ಬದಿಗೆ 8 ಸಲ ಮಾತ್ರ. ಬೆವರು ಇಳಿಯುತ್ತದೆ.

ಚಾಪೆ ಮೇಲೆ ಅಂಗಾತ ಮಲಗಿ. ಕೈಗಳನ್ನು ಛಾವಣಿಯ ಕಡೆಗೆ ನೆಟ್ಟಗೆ ಚಾಚಿ. ಮೊಣಕಾಲು ಮಡಚಿ, ತೊಡೆ ನೆಟ್ಟಗೆ ನಿಲ್ಲುವಂತೆ ಕಾಲೆತ್ತಿ. ಸೊಂಟದ ಹಿಂಭಾಗ ಚಾಪೆಗೆ ಒತ್ತಿಕೊಂಡೇ ಇರಬೇಕು, ಎಲ್ಲ ಇರುವುದು ಇದರಲ್ಲೇ. ಈಗ ಉಸಿರು ಬಿಡುತ್ತಾ ಬಲಗೈಯನ್ನು ತಲೆಯ ಹಿಂದಕ್ಕೆ ಇಳಿಸಿ, ಜೊತೆಗೇ ಎಡಗಾಲನ್ನು ಮುಂದಕ್ಕೆ ಚಾಚಿ. ಮನಸ್ಸಿನಲ್ಲೇ 4 ಎಣಿಸಿ. ನೆಲ ತಾಗುವ ಮುಂಚೆ ನಿಲ್ಲಿಸಿ. ಉಸಿರು ಎಳೆದುಕೊಳ್ಳುತ್ತಾ, ಮತ್ತೆ 4 ಎಣಿಸುತ್ತಾ ವಾಪಸ್ ತನ್ನಿ. ಆಮೇಲೆ ಇನ್ನೊಂದು ಬದಿ.

ಸೊಂಟ ಏಳುತ್ತಿದೆಯೋ ಇಲ್ಲವೋ ನಮಗೇ ಗೊತ್ತಾಗುವುದಿಲ್ಲ. ಕೆಳಗೊಂದು ಟವೆಲ್ ಹಾಕಿ, ಯಾರಾದರೂ ತುದಿ ಎಳೆಯಲಿ. ನನ್ನ ಮಗಳು ಮೊದಲ ವಾರ ಪ್ರತಿ ಸಲ ಟವೆಲ್ ಕಿತ್ತುಕೊಂಡು ಓಡುತ್ತಿದ್ದಳು! ಟವೆಲ್ ಜಾರಿ ಬಂದರೆ ಸೊಂಟ ಎದ್ದಿದೆ ಎಂದರ್ಥ. ಆಗ ಕಾಲನ್ನು ಅಷ್ಟು ದೂರ ಚಾಚಬೇಡಿ, ಮೊಣಕಾಲು ಮಡಚಿಕೊಂಡೇ ಸುಮ್ನೆ ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿದರೂ ಸಾಕು.

ಒಂದು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು, ವಾರಕ್ಕೆ 3 ದಿನ. ಆದರೆ ಇದರಿಂದ ಹೊಟ್ಟೆಯ ಬೊಜ್ಜು ಕರಗುವುದಿಲ್ಲ, ಸ್ನಾಯು ಗಟ್ಟಿಯಾಗುತ್ತದೆ ಅಷ್ಟೇ. ಹರ್ನಿಯಾ ಇದ್ದವರು, ಹೊಸ ಬಾಣಂತಿಯರು ಮೊದಲು ವೈದ್ಯರನ್ನು ಕೇಳಿ.