ಫರಶಿ ನೆಲದ ಮೇಲೆ ವಿನೈಲ್: ಕಡಿಮೆ ಖರ್ಚಿನಲ್ಲಿ ಆರಿಸಿ ನೀವೇ ಹಾಸಿಕೊಳ್ಳುವ ಕ್ರಮ

ವಿಜಯಪುರದ ಹಳೆಯ ಓಣಿಗಳ ಬಹಳಷ್ಟು ಮನೆಗಳಲ್ಲಿ ನೆಲವೆಂದರೆ ಇಂದಿಗೂ ಶಹಾಬಾದಿ ಫರಶಿಯೇ. ಅದು ಬೇಸಿಗೆಯಲ್ಲಿ ತಂಪು ಕೊಡುವ, ತಲೆಮಾರುಗಟ್ಟಲೆ ಬಾಳುವ ಕಲ್ಲು. ಆದರೆ ಸಂದುಗಳ ಸಿಮೆಂಟು ಉದುರಿ, ಅಲ್ಲೊಂದು ಇಲ್ಲೊಂದು ಕಲ್ಲು ಕುಸಿದಾಗ ಅದನ್ನು ಕಿತ್ತು ಹೊಸ ನೆಲ ಮಾಡಿಸುವುದು ಸಣ್ಣ ಖರ್ಚಲ್ಲ. ಒಡೆಯುವ ಕೂಲಿ, ಕಲ್ಲುಮಣ್ಣು ಸಾಗಿಸುವ ಟ್ರ್ಯಾಕ್ಟರಿನ ಬಾಡಿಗೆ, ಮರಳು, ಸಿಮೆಂಟು, ಗೌಂಡಿಯ ಪಗಾರ ಎಲ್ಲವೂ ಸೇರಿದರೆ ಟೈಲ್ಸಿನ ಬೆಲೆಗಿಂತ ಉಳಿದ ಖರ್ಚೇ ಹೆಚ್ಚಾಗುವುದುಂಟು. ಇದ್ದ ನೆಲದ ಮೇಲೆಯೇ ಮನೆಯವರೇ ಹಾಸಬಹುದಾದ ವಿನೈಲ್ (ಪಿವಿಸಿ ಎಂಬ ಪ್ಲಾಸ್ಟಿಕ್ಕಿನ) ಟೈಲ್ಸ್ ಈ ಖರ್ಚಿನ ಬಹುಭಾಗವನ್ನು ಉಳಿಸುತ್ತದೆ. ಆದರೆ ಅಗ್ಗದ ಟೈಲ್ಸ್ ಯಾವುದೆಂದು ಅಂಗಡಿಯಲ್ಲಿ ಕೇಳುವ ಮೊದಲು, ನಿಮ್ಮ ನೆಲ ಯಾವ ಟೈಲ್ಸನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಮನೆಯಲ್ಲಿಯೇ ನೋಡಿಕೊಳ್ಳಬೇಕು.

ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ತಳಪಾಯ ಸರಿಯಿಲ್ಲದ ಕಡೆ ನೆಲವೂ ಅದರೊಡನೆ ಏರಿಳಿಯುತ್ತದೆ. ಆದ್ದರಿಂದ ಮೊದಲು ಪ್ರತಿ ಕಲ್ಲನ್ನೂ ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ತಟ್ಟಿ ನೋಡಿರಿ. ಪೊಳ್ಳು ಸದ್ದು ಬಂದ ಕಲ್ಲನ್ನು ಎತ್ತಿ, ಕೆಳಗೆ ಗಚ್ಚು ತುಂಬಿ, ಮತ್ತೆ ಕೂಡಿಸಬೇಕು. ಅನಂತರ ಗೌಂಡಿಗಳು ಬಳಸುವ ಉದ್ದನೆಯ ಅಲ್ಯುಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಅಡ್ಡಲಾಗಿಯೂ ಉದ್ದಕ್ಕೂ ಇಟ್ಟು ನೋಡಿರಿ. 3 ಮೀಟರ್ ಉದ್ದದಲ್ಲಿ ಪಟ್ಟಿಯ ಕೆಳಗೆ ಸುಮಾರು 5 ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ, ಆ ತಗ್ಗನ್ನು ಸಿಮೆಂಟ್ ಆಧಾರಿತ ಲೆವೆಲಿಂಗ್ ಪುಡಿಯಿಂದ ತುಂಬದೆ ಮುಂದುವರಿಯಬಾರದು.

ತೇವವನ್ನು ಅಳೆಯುವುದಕ್ಕೆ ಯಂತ್ರ ಬೇಕಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿರಿ. ಹಾಳೆಯ ಒಳಗೆ ಹನಿ ಕಟ್ಟಿದ್ದರೆ ಅಥವಾ ಕೆಳಗಿನ ಕಲ್ಲು ಕಪ್ಪಾಗಿದ್ದರೆ ನೆಲ ಇನ್ನೂ ತೇವ ಬಿಡುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಮಾರ್ಚ್ ತಿಂಗಳಿಗಿಂತ ಮಳೆಗಾಲದಲ್ಲಿ ಮಾಡುವುದೇ ಲೇಸು. ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ನೆಲ ಆಗಸ್ಟಿನಲ್ಲಿ ತನ್ನ ನಿಜಸ್ಥಿತಿಯನ್ನು ತೋರಿಸುತ್ತದೆ. ಮಳೆ ಹೆಚ್ಚಿರುವ ಬೆಳಗಾವಿ, ಖಾನಾಪುರದ ಕಡೆಯವರಿಗಂತೂ ಇದು ಕಡ್ಡಾಯ.

ಪೇಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ವಿನೈಲ್ ಟೈಲ್ಸ್ ಸಿಗುತ್ತವೆ. ಹಿಂಬದಿಯ ಕಾಗದ ಸುಲಿದು ನೇರವಾಗಿ ಅಂಟಿಸುವ ಸ್ಟಿಕ್ಕರ್ ಟೈಲ್ಸ್ ಎಲ್ಲಕ್ಕಿಂತ ಅಗ್ಗ. ಇವುಗಳ ದಪ್ಪ ಸಾಮಾನ್ಯವಾಗಿ ಒಂದೂವರೆಯಿಂದ 2 ಮಿಲಿಮೀಟರ್. ಎರಡನೆಯದು ಬೇರೆಯಾಗಿ ಗೋಂದು ಬಳಿದು ಅಂಟಿಸುವ 2 ಅಥವಾ 3 ಮಿಲಿಮೀಟರಿನ ಹಲಗೆ. ಮೂರನೆಯದು ಎಸ್‌ಪಿಸಿ ಎಂದು ಕರೆಯುವ, ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ 4ರಿಂದ 6 ಮಿಲಿಮೀಟರಿನ ಗಡಸು ಹಲಗೆ. ಇದಕ್ಕೆ ಗೋಂದು ಬೇಡ. ಒಂದರ ಅಂಚು ಇನ್ನೊಂದರ ಅಂಚಿಗೆ ಸಿಕ್ಕಿಕೊಂಡು ಇಡೀ ಹಾಸು ನೆಲದ ಮೇಲೆ ಬಿಡಿಯಾಗಿ ಕೂಡುತ್ತದೆ.

ಸ್ಟಿಕ್ಕರ್ ಟೈಲ್ಸಿನ ಬಗ್ಗೆ ನನ್ನ ಅನುಭವವನ್ನು ಹೇಳಲೇಬೇಕು. ಮಹಡಿಯ ಮೇಲಿನ ಪಡುವಣ ಕೋಣೆಗೆ ಜನವರಿಯಲ್ಲಿ ಅದನ್ನೇ ಅಂಟಿಸಿದೆವು. ಗೋಂದು ಚೆನ್ನಾಗಿ ಹಿಡಿಯಲೆಂದು ನೆಲಕ್ಕೆ ಮೊದಲು ಬಳಿಯುವ ಪ್ರೈಮರ್ ಬೇಕಿಲ್ಲವೆಂದು ಅಂಗಡಿಯವರು ಹೇಳಿದ್ದನ್ನು ನಂಬಿದೆವು. ಏಪ್ರಿಲ್ ಬರುವಷ್ಟರಲ್ಲಿ ಕಿಟಕಿಯಿಂದ ಬಿಸಿಲು ಬೀಳುವ ಜಾಗದಲ್ಲಿ ಗೋಂದು ಮೆತ್ತಗಾಗಿ ಟೈಲ್ಸಿನ ಅಂಚುಗಳು ಎದ್ದವು. ಸಂದಿನಿಂದ ಹೊರಬಂದ ಗೋಂದಿಗೆ ಧೂಳು ಹತ್ತಿ ಕಪ್ಪು ಗೆರೆಗಳಾದವು. ಹಳೆಯ ಗಿಲಾಯಿಯ (ಗಾರೆಯ) ನೆಲ ಪುಡಿ ಬಿಡುತ್ತಿದ್ದುದರಿಂದ ಗೋಂದು ನೆಲವನ್ನು ಹಿಡಿಯದೆ ಆ ಪುಡಿಯನ್ನಷ್ಟೇ ಹಿಡಿದಿತ್ತು. ಅಂಥ ನೆಲಕ್ಕೆ ಪ್ರೈಮರ್ ಬಳಿಯದೆ ಯಾವ ಸ್ಟಿಕ್ಕರ್ ಟೈಲ್ಸನ್ನೂ ಅಂಟಿಸಬಾರದು.

ಆದ್ದರಿಂದ ನನ್ನ ಸಲಹೆ ಹೀಗಿದೆ. ಕೆಳಮನೆಯ ಫರಶಿ ನೆಲಕ್ಕೆ ಎಸ್‌ಪಿಸಿ ಹಲಗೆಯೇ ಸೂಕ್ತ. ತೆಳು ಟೈಲ್ಸಿನಲ್ಲಿ ಕಲ್ಲಿನ ಸಂದುಗಳು ಕೆಲವೇ ತಿಂಗಳಲ್ಲಿ ಮೇಲೆ ಮೂಡಿ ಕಾಣುತ್ತವೆ, ಗಡಸು ಹಲಗೆಯಲ್ಲಿ ಅದು ಕಡಿಮೆ. ಮಹಡಿಯ ನುಣುಪಾದ, ಒಣಗಿದ ನೆಲಕ್ಕೆ ಗೋಂದು ಬಳಿದು ಅಂಟಿಸುವ ಹಲಗೆ ಸಾಕು. ಸ್ಟಿಕ್ಕರ್ ಟೈಲ್ಸನ್ನು ಬಿಸಿಲು ಬೀಳದ ಸಣ್ಣ ಕೋಣೆಗೆ ಮಾತ್ರ ಮೀಸಲಿಡಿರಿ. ಯಾವುದನ್ನು ಕೊಂಡರೂ ಒಟ್ಟು ದಪ್ಪಕ್ಕಿಂತ ಮೇಲಿನ ಪಾರದರ್ಶಕ ಸವಕಳಿ ಪದರ ಎಷ್ಟಿದೆ ಎಂದು ಕೇಳಿರಿ. ಮಲಗುವ ಕೋಣೆಗೆ 0.2 ಮಿಲಿಮೀಟರ್ ನಡೆದೀತು. ಪಡಸಾಲೆಗೆ 0.3 ಇರಬೇಕು, ಏಕೆಂದರೆ ನಮ್ಮ ಊರಿನ ಗಾಳಿಯ ಧೂಳು ಕಾಲಡಿಯಲ್ಲಿ ಮರಳುಕಾಗದದಂತೆ ಕೆಲಸ ಮಾಡುತ್ತದೆ.

ಲೆಕ್ಕ ಸುಲಭ. 10 ಅಡಿಗೆ 12 ಅಡಿಯ ಕೋಣೆ 120 ಚದರ ಅಡಿ. ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ 10ರಂತೆ ಸೇರಿಸಿದರೆ 132. ಒಂದು ಪೆಟ್ಟಿಗೆಯಲ್ಲಿ 20 ಚದರ ಅಡಿ ಇದ್ದರೆ 7 ಪೆಟ್ಟಿಗೆ ಬೇಕು. ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇರಬೇಕು, ಇಲ್ಲವಾದರೆ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಅಂಗಡಿಯವರು ಹೇಳುವ ಬೆಲೆಯಲ್ಲಿ ಜಿಎಸ್‌ಟಿ, ಗೋಡೆಯಂಚಿನ ಪಟ್ಟಿ, ಬಾಗಿಲ ಬಳಿಯ ಪಟ್ಟಿ, ಪ್ರೈಮರ್ ಸೇರಿವೆಯೇ ಎಂದು ಬರೆಯಿಸಿಕೊಂಡ ಮೇಲೆಯೇ ಎರಡು ಅಂಗಡಿಗಳ ದರವನ್ನು ಹೋಲಿಸಿ ನೋಡಿರಿ.

ತಂದ ಪೆಟ್ಟಿಗೆಗಳನ್ನು 48 ಗಂಟೆ ಅದೇ ಕೋಣೆಯಲ್ಲಿ ಅಡ್ಡಲಾಗಿ ಮಲಗಿಸಿಡಿರಿ. ಎದುರುಬದುರಾದ ಗೋಡೆಗಳ ನಡುಬಿಂದುಗಳನ್ನು ಸುಣ್ಣದ ದಾರದಿಂದ ಕೂಡಿಸಿ ಎರಡು ಗೆರೆ ಹೊಡೆಯಿರಿ. ಅವು ಕೂಡುವ ಬಿಂದುವಿನಿಂದ ಒಂದು ಗೆರೆಯ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿದಾಗ ಆ ಗುರುತುಗಳ ನಡುವಿನ ಅಂತರ ಸರಿಯಾಗಿ 5 ಅಡಿ ಬರಬೇಕು. ಹಳೆಯ ಮನೆಗಳ ಗೋಡೆಗಳು ಅಪರೂಪಕ್ಕೆ ಮಾತ್ರ ಕಾಟಕೋನದಲ್ಲಿ (ಲಂಬಕೋನದಲ್ಲಿ) ಇರುತ್ತವೆಯಾದ್ದರಿಂದ ಗೋಡೆಯನ್ನು ನಂಬದೆ ಈ ಗೆರೆಗಳನ್ನೇ ನಂಬಬೇಕು. ಅಂಟಿಸುವ ಮೊದಲು ಒಂದು ಸಾಲನ್ನು ಬರಿದೇ ಜೋಡಿಸಿ ನೋಡಿರಿ. ಗೋಡೆಯ ಬಳಿ ಅರ್ಧ ಟೈಲ್ಸಿಗಿಂತ ಕಡಿಮೆ ಚೂರು ಉಳಿಯುವಂತಿದ್ದರೆ ಗೆರೆಯನ್ನು ಅರ್ಧ ಟೈಲ್ಸಿನಷ್ಟು ಸರಿಸಿರಿ. ಎಸ್‌ಪಿಸಿ ಹಾಸುವಾಗ ಗೋಡೆಯ ಸುತ್ತಲೂ 6ರಿಂದ 10 ಮಿಲಿಮೀಟರ್ ಸಂದು ಬಿಡಲೇಬೇಕು. ಬೇಸಿಗೆಯಲ್ಲಿ ಹಿಗ್ಗಲು ಜಾಗವಿಲ್ಲದಿದ್ದರೆ ಹಾಸು ನಡುವೆ ಉಬ್ಬಿ ಏಳುತ್ತದೆ. ಅಂಟಿಸುವ ಬಗೆಯಾದರೆ ಪ್ರತಿ ಟೈಲ್ಸನ್ನೂ ಭಾರದ ರೋಲರಿನಿಂದ ಒತ್ತಬೇಕು. ಸಣ್ಣ ಕೋಣೆಯಲ್ಲಿ ಅಡುಗೆಮನೆಯ ಲಟ್ಟಣಿಗೆಯನ್ನು ಮೈಭಾರ ಹಾಕಿ ಉರುಳಿಸಿದರೂ ಸಾಕಾಗುತ್ತದೆ.

ಕೆಲವು ಜಾಗಗಳನ್ನು ಮುಚ್ಚದೆ ಬಿಡುವುದೇ ಒಳ್ಳೆಯದು. ಪೂಜೆ ಮಾಡುವ ಹೊಸ್ತಿಲು, ನೀರು ನಿಲ್ಲುವ ಬಚ್ಚಲು ಮತ್ತು ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವ ಜಾಗ ಕಲ್ಲಾಗಿಯೇ ಇರಲಿ. ಕಾದ ಹಂಚು ಒಮ್ಮೆ ತಾಗಿದರೆ ವಿನೈಲ್ ಸುಟ್ಟು ಉಳಿಯುವ ಕಲೆಯನ್ನು ಯಾವ ಸಾಬೂನೂ ತೆಗೆಯಲಾರದು. ಅರಿಸಿನ ಚೆಲ್ಲಿದರೆ ತಕ್ಷಣ ಒರೆಸಿರಿ. ರಬ್ಬರ್ ತಳದ ಕಾಲೊರಸು ವಿನೈಲಿಗೆ ಹಳದಿ ಕಲೆ ಬಿಡುತ್ತದೆ, ಅದರ ಬದಲು ಹತ್ತಿಯ ಜಮಖಾನೆ ಹಾಸಿರಿ. ಹಬ್ಬಕ್ಕೆ ಮನೆ ತೊಳೆಯುವಾಗ ಕೊಡಗಟ್ಟಲೆ ನೀರು ಸುರಿಯದೆ, ಹಿಂಡಿದ ಬಟ್ಟೆಯಿಂದ ಒರೆಸಿರಿ. ಕಲೆ ತೆಗೆಯಲು ಸೀಮೆಎಣ್ಣೆಯನ್ನಾಗಲಿ ಥಿನ್ನರನ್ನಾಗಲಿ ಮುಟ್ಟಿಸಬೇಡಿರಿ. ಉಳಿದ ಹಲಗೆಗಳನ್ನು ಅಟ್ಟದ ಮೇಲೆ ಸಮತಟ್ಟಾಗಿ ಮಲಗಿಸಿಟ್ಟರೆ, ಮುಂದೆ ಒಂದೆರಡು ಹಾಳಾದಾಗ ಅದೇ ಬಣ್ಣದ ತುಂಡು ಮನೆಯಲ್ಲಿಯೇ ಸಿಗುತ್ತದೆ.