ಕಳ್ಳನಿಗೆ ಹಾಕಿದ ಬೀಗ, ನಮಗೆ ಬೇಕಾದ ದಾರಿ

ದಾವಣಗೆರೆಯಲ್ಲಿ ಮನೆಗಳಿಗೆ ವೈರಿಂಗ್ ಮಾಡುವುದು ನನ್ನ ಕಸುಬು. ಹಳೇ ಪೇಟೆಯ ಮಾಳಿಗೆ ಮನೆಯಿರಲಿ, ವಿದ್ಯಾನಗರದ ಹೊಸ ಮನೆಯಿರಲಿ, ಎಲ್ಲವನ್ನೂ ಕಟ್ಟಿರುವುದು ಕಳ್ಳನನ್ನು ಮನಸ್ಸಿನಲ್ಲಿಟ್ಟುಕೊಂಡೇ. ಕಿಟಕಿಗೆ ಸರಳು, ಬಾಲ್ಕನಿಗೆ ಜಾಲರಿ, ಮುಂದೊಂದು ಕಬ್ಬಿಣದ ಗೇಟು, ಅದಕ್ಕೆ ಬೀಗ, ಬೀಗದ ಕೈ ಯಜಮಾನರ ದಿಂಬಿನ ಕೆಳಗೆ. ರಾತ್ರಿ ಬೆಂಕಿ ಬಿದ್ದರೆ ಈ ಮನೆಯವರು ಹೊರಗೆ ಬರುವುದು ಹೇಗೆ? ನಮ್ಮ ನಿಟುವಳ್ಳಿಯ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ಹಾಗಾಗಿ ವೈರ್‌ಮನ್ ಆದರೂ ನಾನು ಮೊದಲು ಕೈಹಾಕಿದ್ದು ಬೀಗಕ್ಕೆ.

ವೆಲ್ಡಿಂಗ್‌ನವನನ್ನು ಕರೆಸಿ, ಮಲಗುವ ಕೋಣೆಯ ಕಿಟಕಿಯ ಸರಳಿನ ಚೌಕಟ್ಟನ್ನು ಬಿಡಿಸಿ, ಕೀಲು ಕೂರಿಸಿ, ಬಾಗಿಲಿನಂತೆ ಹೊರಕ್ಕೆ ತೆರೆಯುವ ಹಾಗೆ ಮಾಡಿಸಿದೆ. ಒಳಗಿನಿಂದ ಚಿಲಕ, ಚಿಲಕಕ್ಕೆ ಸಣ್ಣ ಬೀಗ. ಅದರ ಕೈಯನ್ನು ಕಿಟಕಿಯ ಪಕ್ಕದ ಗೋಡೆಗೆ, ಹೊರಗಿನಿಂದ ಕೈಚಾಚಿದರೆ ಸಿಗದಷ್ಟು ದೂರದಲ್ಲಿ, ಮಗಳ ಕೈಗೆಟುಕುವ ಎತ್ತರದಲ್ಲಿ ಮೊಳೆ ಹೊಡೆದು ನೇತುಹಾಕಿದ್ದೇನೆ. ಮುಂದಿನ ಗೇಟಿನ ಬೀಗದ ಕೈಗೂ ಹಾಗೆಯೇ ಒಂದು ಮೊಳೆ. ಆ ಮೊಳೆಯಿಂದ ಕೀಲಿಕೈ ತೆಗೆದು ಬೇರೆಲ್ಲೋ ಇಟ್ಟವರಿಗೆ ನಮ್ಮ ಮನೆಯಲ್ಲಿ ಬೈಗುಳ ಖಚಿತ, ನನಗೂ ಸೇರಿ.

ಇಷ್ಟು ಪಟ್ಟು ಹಿಡಿಯಲು ಕಾರಣ ಹೊಗೆ. ಮನೆಗೆ ಬೆಂಕಿ ಬಿದ್ದಾಗ ಜ್ವಾಲೆಗಿಂತ ಮೊದಲು ಜೀವ ತೆಗೆಯುವುದು ಸಾಮಾನ್ಯವಾಗಿ ಅದೇ. ಫೋಮ್ ಹಾಸಿಗೆ, ಸೋಫಾ ಹೊಗೆಯಾಡಿದರೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲಿರುವವರು ಏಳುವುದೇ ಇಲ್ಲ. ಅದಕ್ಕೇ ಮಲಗುವ ಕೋಣೆಗಳ ಹೊರಗೆ ಚಾವಣಿಗೆ ಬ್ಯಾಟರಿಯ ಹೊಗೆ ಅಲಾರಂ ಒಂದನ್ನು ಕೂರಿಸಿದೆ. ಅಡುಗೆಮನೆಯಲ್ಲಿ ಬೇಡ. ಒಣಮೆಣಸಿನಕಾಯಿಯ ಒಗ್ಗರಣೆಗೆಲ್ಲ ಅದು ಕಿರುಚಿಕೊಂಡರೆ ಎರಡೇ ದಿನಕ್ಕೆ ಯಾರಾದರೂ ಬ್ಯಾಟರಿ ಕಿತ್ತಿಡುತ್ತಾರೆ.

ಇನ್ನು ನನ್ನ ಕಸುಬಿನ ಮಾತು. ಗ್ರಾಹಕರಿಂದ ಅತಿ ಹೆಚ್ಚು ಕೇಳುವ ಬೇಡಿಕೆ: "ಅಣ್ಣ, ಎಂಸಿಬಿ ಪದೇ ಪದೇ ಬೀಳುತ್ತಿದೆ, ಸ್ವಲ್ಪ ದೊಡ್ಡದು ಹಾಕಿಬಿಡಿ." ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್, ಇರುವುದು ಗೋಡೆಯೊಳಗಿನ ವೈರನ್ನು ಕಾಪಾಡಲು. ಒಂದೂವರೆ ಚದರ ಮಿಲಿಮೀಟರ್ ವೈರಿಗೆ 32 ಆಂಪಿಯರ್ ಎಂಸಿಬಿ ಕೂರಿಸಿದರೆ ಅದು ಬೀಳುವ ಹೊತ್ತಿಗೆ ಪೈಪಿನೊಳಗೆ ವೈರು ಬೆಂದಿರುತ್ತದೆ. ಹಳೆಯ ಮನೆಗಳಲ್ಲಿ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುವುದೂ ಇದೇ ಜಾತಿಯ ಜಾಣತನ. ಲೆಕ್ಕ ಕಷ್ಟದ್ದಲ್ಲ: 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ನಾಲ್ಕು ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ, 1500 ವ್ಯಾಟಿನ ನೀರು ಕಾಯಿಸುವ ರಾಡು ಆರೂವರೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಚುಚ್ಚಿ ಅದನ್ನು ಆರು ಆಂಪಿಯರ್ ಪಾಯಿಂಟಿಗೆ ಕೊಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಎಂಸಿಬಿಯ ಕಣ್ಣಿಗೆ ಬೀಳದ ಒಂದು ಅಪಾಯವಿದೆ: ಬೋರ್ಡಿನೊಳಗೆ ವೈರನ್ನು ಹಿಡಿದಿಡುವ ಸ್ಕ್ರೂ ಸಡಿಲವಾಗುವುದು. ಕರೆಂಟು ಹೆಚ್ಚು ಹರಿಯುವುದಿಲ್ಲ, ಆದ್ದರಿಂದ ಎಂಸಿಬಿ ಬೀಳುವುದೂ ಇಲ್ಲ. ಸಡಿಲವಾದ ಜಾಗ ಮಾತ್ರ ಕಾಯುತ್ತಲೇ ಹೋಗುತ್ತದೆ. ಬೋರ್ಡಿನ ಹತ್ತಿರ ಹಸಿ ಮೀನಿನಂಥ ವಾಸನೆ ಬಂದರೆ, ಪಿನ್ನು ತೂರುವ ರಂಧ್ರದ ಸುತ್ತ ಕಂದು ಬಣ್ಣದ ಉಂಗುರ ಮೂಡಿದ್ದರೆ, ಸ್ವಿಚ್ ಒತ್ತಿದಾಗ ಚಿಟಚಿಟ ಸದ್ದು ಬಂದರೆ ಅಲ್ಲಿ ಹೀಗೇ ಆಗುತ್ತಿದೆ ಎಂದುಕೊಳ್ಳಿ. ನಮ್ಮ ಮನೆಯ ಬೋರ್ಡುಗಳನ್ನು ವರ್ಷಕ್ಕೊಮ್ಮೆ, ಬೇಸಿಗೆಯ ಕೂಲರ್ ಇಳಿಸುವ ಮೊದಲು, ಮೇನ್ ಆಫ್ ಮಾಡಿ ಬಿಚ್ಚಿ ಸ್ಕ್ರೂ ಬಿಗಿ ಮಾಡುತ್ತೇನೆ. ಈ ಕೆಲಸ ಗೊತ್ತಿಲ್ಲದವರು ಕೈಹಾಕಬೇಡಿ, ಕರೆಸಿ ಮಾಡಿಸಿ. ಮೆಕ್ಕೆಜೋಳದ ಚೀಲ ಪೇರಿಸಿಡುವ ಮನೆಗಳಲ್ಲಿ ಇಲಿ ಕಡಿದ ವೈರನ್ನೂ ನೋಡಿಸಬೇಕು.

ಗ್ಯಾಸಿನ ವಿಷಯ ಬಹುತೇಕರಿಗೆ ಗೊತ್ತಿರುವುದೇ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯಸ್ಸು ಐದು ವರ್ಷ, ದಿನಾಂಕ ಅದರ ಮೇಲೆಯೇ ಅಚ್ಚಾಗಿರುತ್ತದೆ. ರಾತ್ರಿ ಮಲಗುವಾಗ ರೆಗ್ಯುಲೇಟರ್ ಬಂದ್. ವಾಸನೆ ಬಂದರೆ ಒಲೆ ಆರಿಸಿ, ರೆಗ್ಯುಲೇಟರ್ ತಿರುಗಿಸಿ, ಕಿಟಕಿ ಬಾಗಿಲು ತೆರೆದು ಹೊರಗೆ ನಡೆಯಬೇಕು. 1906ಕ್ಕೆ ಫೋನ್ ಮಾಡುವುದು ಹೊರಗೆ ಹೋದ ಮೇಲೆ. ಸ್ವಿಚ್ ಹಾಕುವುದಷ್ಟೇ ಅಲ್ಲ, ಉರಿಯುತ್ತಿರುವ ಲೈಟಿನ ಸ್ವಿಚ್ ಆರಿಸುವುದೂ ಅಪಾಯ, ಎರಡರಲ್ಲೂ ಕಿಡಿ ಹಾರುತ್ತದೆ.

ಅಡುಗೆಮನೆಯಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಬಾಣಲೆಯ ಮುಂದೆ. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ಬೇಕೆನ್ನುವ ಊರು ನಮ್ಮದು, ಎಣ್ಣೆ ಕಾಯುತ್ತಲೇ ಇರುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನಮ್ಮವರ ಕೈ ತಾನಾಗಿ ನೀರಿನ ಚೊಂಬಿಗೆ ಹೋಗುತ್ತದೆ. ನೀರು ಎಣ್ಣೆಯ ಅಡಿಗೆ ಇಳಿದು ಕ್ಷಣದಲ್ಲಿ ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಬಾಯಿಮಾತಿನಲ್ಲಿ ಹೇಳಿದರೆ ಆ ಗಾಬರಿಯಲ್ಲಿ ನೆನಪಾಗುವುದಿಲ್ಲ ಎಂದು ತಣ್ಣನೆಯ ಖಾಲಿ ಬಾಣಲೆ ಇಟ್ಟು ಹೆಂಡತಿ, ಮಗಳು, ಅವ್ವ ಎಲ್ಲರಿಂದಲೂ ಅಭ್ಯಾಸ ಮಾಡಿಸಿದೆ: ಒಲೆ ಆರಿಸು, ತಟ್ಟೆಯನ್ನು ನಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚು, ಪೂರ್ತಿ ತಣ್ಣಗಾಗುವವರೆಗೆ ತೆಗೆದು ನೋಡಬೇಡ. ಬಾಣಲೆಗಿಂತ ಅಗಲವಾದ ಆ ತಟ್ಟೆ ಈಗ ಒಲೆಯ ಪಕ್ಕದಲ್ಲೇ ಇರುತ್ತದೆ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ನೆಲಕ್ಕೆ ಬಿದ್ದು ಹೊರಳಬೇಕು. ಪಕ್ಕದಲ್ಲಿದ್ದವರು ಹೊದಿಸಲೆಂದು ಒಂದು ಕಂಬಳಿಯನ್ನು ಅಡುಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ್ದೇನೆ, ಚಳ್ಳಕೆರೆಯ ಕುರಿ ಉಣ್ಣೆಯದು. ಉಣ್ಣೆ ಬೇಗ ಹೊತ್ತಿಕೊಳ್ಳುವುದಿಲ್ಲ, ಕಿಡಿ ಬಿದ್ದರೂ ಕರಕಲಾಗಿ ಅಲ್ಲೇ ನಿಲ್ಲುತ್ತದೆ. ಪಾಲಿಯೆಸ್ಟರ್ ಹೊದಿಕೆಯಾದರೆ ಕರಗಿ ಮೈಗೆ ಅಂಟುತ್ತದೆ. ಈಗ ಬೆರಕೆಯೂ ಬರುವುದರಿಂದ ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ತಿಕ್ಕಿದರೆ ಬೂದಿಯಾದರೆ ಉಣ್ಣೆ. ಗಟ್ಟಿ ಮಣಿಯಾಗಿ ಉಳಿದರೆ ಪ್ಲಾಸ್ಟಿಕ್. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ನಲ್ಲಿ ನೀರು, ಆಮೇಲೆ ಆಸ್ಪತ್ರೆ. ಪೇಸ್ಟು, ಶಾಯಿ ಬೇಡ. ಬೆಣ್ಣೆ ದೋಸೆಗೆ ಇರಲಿ.

ಅವ್ವನ ನಂದಾದೀಪದ ಬಗ್ಗೆ ಮಾತ್ರ ರಾಜಿ ಆಗಬೇಕಾಯಿತು. "ದೀಪ ಆರಿಸು ಎನ್ನುವ ಮಾತು ಈ ಮನೆಯಲ್ಲಿ ಆಡಬೇಡ" ಎಂದರು. ಸರಿ, ದೀಪ ಉಳಿಯಿತು, ದೇವರ ಕೋಣೆಯ ನೈಲಾನ್ ಪರದೆ ಹೋಯಿತು. ದೀಪವನ್ನು ಮರಳು ತುಂಬಿದ ಅಗಲ ಹಿತ್ತಾಳೆ ತಟ್ಟೆಯಲ್ಲಿಟ್ಟೆವು. ಎಲ್ಲರೂ ಊರಿಗೆ ಹೋಗುವಾಗ ಆರಿಸದಿದ್ದರೆ ಬಾಗಿಲು ಹಾಕುವುದಿಲ್ಲ ಎಂದು ನಾನೂ ಹಟ ಹಿಡಿದೆ. ಈಗ ಹೊರಡುವ ಮುಂಚೆ ಅವರೇ ಹೂವಿನಿಂದ ಶಾಂತ ಮಾಡುತ್ತಾರೆ.

ಇದೆಲ್ಲ ಮುಗಿದ ಮೇಲೆ ಒಂದು ರಾತ್ರಿ ಹೇಳದೆ ಕೇಳದೆ ಮೇನ್ ಇಳಿಸಿ, "ಬೆಂಕಿ, ಎಲ್ಲರೂ ಹೊರಗೆ" ಎಂದು ಕೂಗಿದೆ. ಅವ್ವನಿಗೆ ಮಂಡಿನೋವು, ಅವರನ್ನು ಹಿಡಿದು ಕರೆತರುವುದು ನನ್ನ ಹೊಣೆ, ಮಗಳನ್ನು ಅವಳ ಅಮ್ಮನ ಹೊಣೆ. ಸೇರುವ ಜಾಗ ಎದುರಿನ ಹಿಟ್ಟಿನ ಗಿರಣಿ. ಯಾವ ವಸ್ತುವಿಗೂ ಯಾರೂ ವಾಪಸ್ ಒಳಗೆ ಹೋಗುವಂತಿಲ್ಲ. ಗಿರಣಿಯ ಕಟ್ಟೆಯ ಮೇಲೆ ಕುಳಿತು ಮಗಳು ಕೇಳಿದಳು: "ಹೊಗೆ ಇದ್ದರೆ ಬಗ್ಗಿ ತೆವಳಬೇಕು ಎಂದೆಯಲ್ಲ ಅಪ್ಪ, ಗ್ಯಾಸ್ ಸೋರಿದರೂ ಹಾಗೇನಾ?" ಇಲ್ಲ. ಹೊಗೆ ಮೇಲೇರುತ್ತದೆ, ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡುತ್ತದೆ. ಅಲ್ಲಿ ನೆಟ್ಟಗೆ ನಡೆದೇ ಹೊರಬರಬೇಕು. ನನಗೆ ಹೇಳಲು ಹೊಳೆಯದಿದ್ದ ವಿಷಯ ಅದು.

ತುರ್ತಿಗೆ 112, ಅಗ್ನಿಶಾಮಕಕ್ಕೆ 101 ಕೂಡ ಇದೆ. ಫೋನ್ ಎತ್ತುವವರಿಗೆ ನಮ್ಮ ಓಣಿ ಗೊತ್ತಿರುವುದಿಲ್ಲ, ಆದ್ದರಿಂದ ಊರು, ಬಡಾವಣೆ, ಮುಖ್ಯರಸ್ತೆ, ಕ್ರಾಸ್, ಗಿರಣಿಯ ಗುರುತು ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಬಳಿ ಅಂಟಿಸಿದ್ದೇವೆ. ಕಾಗದಪತ್ರಗಳ ಫೋಟೊ ಮೊಬೈಲಿನಲ್ಲಿವೆ.

ಉಳಿದಿರುವುದು ಮೇಲಿನ ಮನೆಯ ಬಾಡಿಗೆಯವರ ಎಲೆಕ್ಟ್ರಿಕ್ ಸ್ಕೂಟರ್. ರಾತ್ರಿಯಿಡೀ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕುತ್ತಾರೆ, ಅವರಿಗೆ ಇಳಿದುಬರಲು ಇರುವುದು ಅದೊಂದೇ ಮೆಟ್ಟಿಲು. ಕಾಂಪೌಂಡಿನ ಗೋಡೆಗೆ ಪ್ರತ್ಯೇಕ 16 ಆಂಪಿಯರ್ ಪಾಯಿಂಟ್ ಎಳೆದುಕೊಡಲು ಒಪ್ಪಿದ್ದೇನೆ. ಮಳೆ ಬಿದ್ದರೆ ನೆನೆಯುತ್ತದೆ ಎನ್ನುವುದು ಅವರ ತಕರಾರು, ಆದ್ದರಿಂದ ಈ ಭಾನುವಾರ ಮೇಲೊಂದು ತಗಡಿನ ಶೀಟನ್ನೂ ಹೊಡೆಸಬೇಕಾಗಿದೆ.